ಕೋಚ್ ಕದ ತಟ್ಟದ ಮನೆಗಳು

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ಬಿ.ಎ. ಕೊನೆಯ ವರ್ಷದ ಮಕ್ಕಳಿಗೆ ನಾನೊಂದು ಕತೆ ಹೇಳುತ್ತಿದ್ದೆ. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಪಾಠ ಸಾಮಾನ್ಯವಾಗಿ ಮಧ್ಯಾಹ್ನದ ಪಿರಿಯಡ್ಡಿಗೇ ಬರುತ್ತಿತ್ತು. ಊಟ ಮುಗಿಸಿ ಬಂದ ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ಕಾನೂನು, ಕಾಯ್ದೆ, ಸುಪ್ರೀಂ ಕೋರ್ಟಿನ ತೀರ್ಪು ಎಂದರೆ ಅವರು ಏಳುತ್ತಿರಲಿಲ್ಲ. ಈ ಕತೆಗೆ ಮಾತ್ರ ಏಳುತ್ತಿದ್ದರು. ಅದಕ್ಕೇ ವರ್ಷವರ್ಷವೂ ಹೇಳುತ್ತಿದ್ದೆ.

ಕತೆ ಹೀಗೆ. 1970ರ ಸೆಪ್ಟೆಂಬರ್ 12, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ, ಲೀಜನ್ ಫೀಲ್ಡ್ ಕ್ರೀಡಾಂಗಣ. 70,000ಕ್ಕೂ ಹೆಚ್ಚು ಪ್ರೇಕ್ಷಕರು. ಆತಿಥೇಯ ಅಲಬಾಮಾ ವಿಶ್ವವಿದ್ಯಾಲಯದ ಪರವಾಗಿ ಅಂಗಳಕ್ಕಿಳಿದವರೆಲ್ಲ ಬಿಳಿಯರು. ಎದುರಿಗೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ. ಅದರಲ್ಲಿ ಚೆಂಡು ಎಸೆಯುವವನೂ ಚೆಂಡು ಹಿಡಿದು ಓಡುವ ಇಬ್ಬರೂ ಕಪ್ಪು ಹುಡುಗರು. ಅವರಲ್ಲೊಬ್ಬ ಸ್ಯಾಮ್ ಕನಿಂಗ್‌ಹ್ಯಾಮ್. ಅದು ಅವನ ಮೊದಲ ದೊಡ್ಡ ಪಂದ್ಯ. ಅವನು ಚೆಂಡು ಹಿಡಿದು 12 ಸಲ ಓಡಿ 135 ಗಜ ಮುನ್ನುಗ್ಗಿದ, ಎರಡು ಟಚ್‌ಡೌನ್ ಮಾಡಿದ. ಅಲಬಾಮಾ 42–21ರಲ್ಲಿ ಸೋತಿತು. ಪಂದ್ಯ ಮುಗಿದ ಮೇಲೆ ಅಲಬಾಮಾದ ಕೋಚ್ ಪಾಲ್ ಬ್ರಯಂಟ್ ಆ ಹುಡುಗನನ್ನು ಕರೆತಂದು ಸೋತು ಕೂತಿದ್ದ ತಮ್ಮ ಆಟಗಾರರ ಮುಂದೆ ನಿಲ್ಲಿಸಿ, ಆಟಗಾರನೆಂದರೆ ಇವನು, ನೋಡಿಕೊಳ್ಳಿ ಎಂದರಂತೆ. ಅಲ್ಲಿಂದ ಕಪ್ಪು ಹುಡುಗರಿಗೆ ಅಲಬಾಮಾ ತಂಡದ ಬಾಗಿಲು ತೆರೆಯಿತಂತೆ. ಮಾರ್ಟಿನ್ ಲೂಥರ್ ಕಿಂಗ್ ವರ್ಷಗಟ್ಟಲೆ ದುಡಿದು ಮಾಡಲಾಗದ್ದನ್ನು ಕನಿಂಗ್‌ಹ್ಯಾಮ್ ಒಂದು ಗಂಟೆಯಲ್ಲಿ ಮಾಡಿದ ಎಂಬ ಮಾತು ಆ ಸೀಮೆಯಲ್ಲಿ ಗಾದೆಯಂತೆ ಓಡಾಡುತ್ತದೆ. ನಾನೂ ಅದನ್ನೇ ಹೇಳಿ, ಸೀಮೆಸುಣ್ಣ ಕೆಳಗಿಟ್ಟು, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪಾಠ ಮುಗಿಸುತ್ತಿದ್ದೆ.

ಒಂದು ವರ್ಷ ಗಂಟೆ ಹೊಡೆದ ಮೇಲೂ ಒಬ್ಬ ಹುಡುಗಿ ಎದ್ದು ಹೋಗಲಿಲ್ಲ. ಕಾಲೇಜಿನ ಖೋ ಖೋ ತಂಡದಲ್ಲಿ ಆಡುತ್ತಿದ್ದವಳು. "ಸಾರ್, ನಂಗೊಂದು ಡೌಟು" ಅಂದಳು. "ನಮ್ಮ ಟೀಮಲ್ಲಿ ಫೈನಲ್ ಇಯರ್‌ನವರು ಹೋದ್ರೆ ಹೊಸಬರನ್ನ ಹುಡುಕಿ ತಯಾರು ಮಾಡೋಕೆ ಒಂದು ವರ್ಷ ಬೇಕಾಗತ್ತೆ. ಆ ಕೋಚ್ ಸೋತ ಮೇಲೆ ಮನಸ್ಸು ಬದಲಾಯಿಸಿದ್ರು ಅಂತೀರಿ. ಹುಡುಗರು ಎಲ್ಲಿಂದ ಬಂದ್ರು ಸಾರ್? ಯಾರು ಹೋಗಿ ಕರ್ಕೊಂಡು ಬಂದ್ರು? ಯಾವಾಗ?"

ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳ್ತೀನಮ್ಮ ಎಂದೆ. ಆ ನಾಳೆ ಬರಲು ಬಹಳ ದಿನ ಹಿಡಿಯಿತು. ಈ ಬರಹ ಅವಳ ಮೂರು ಪ್ರಶ್ನೆಗಳಿಗೆ ನಾನು ಹುಡುಕಿಕೊಂಡ ಉತ್ತರ. ನನ್ನದೊಂದು ತಪ್ಪೊಪ್ಪಿಗೆಯೂ ಹೌದು.

ಮೊದಲಿಗೆ ಆಟದ ಬಗ್ಗೆ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಲ್ಲಿ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎತ್ತಿಕೊಂಡು, ಎಸೆದು, ಎದುರಾಳಿಗಳನ್ನು ತಳ್ಳಿಕೊಂಡು ಗಜಗಜವಾಗಿ ಮುಂದೆ ಹೋಗುವ ಆಟ. ಅಲ್ಲಿ ವಿಶ್ವವಿದ್ಯಾಲಯಗಳ ತಂಡಗಳಿಗೆ ಇರುವ ಅಭಿಮಾನ ನಮ್ಮಲ್ಲಿ ಕ್ರಿಕೆಟ್ಟಿಗಿರುವಂಥದ್ದು. ದಕ್ಷಿಣದ ರಾಜ್ಯಗಳಲ್ಲಂತೂ ಶನಿವಾರದ ಪಂದ್ಯವೆಂದರೆ ಊರ ಜಾತ್ರೆ.

ಈ ತಂಡಗಳಿಗೆ ಒಂದು ವಿಚಿತ್ರ ಕಷ್ಟವಿದೆ. ಆಟಗಾರ ಎಷ್ಟೇ ಚೆನ್ನಾಗಿ ಆಡಲಿ, ಮೂರು ನಾಲ್ಕು ವರ್ಷಕ್ಕೆ ಓದು ಮುಗಿಸಿ ಹೊರಟುಹೋಗುತ್ತಾನೆ. ತಂಡ ಸದಾ ಖಾಲಿಯಾಗುತ್ತಲೇ ಇರುವ ಕೊಳಗ. ಹರಾಜಿನಲ್ಲಿ ಹಣ ಸುರಿದು ಆಟಗಾರರನ್ನು ಕೊಳ್ಳುವ ಹಾಗೆ ಆ ಕಾಲದಲ್ಲಿ ಇರಲಿಲ್ಲ. ಹಾಗಾಗಿ ಪ್ರತಿ ವರ್ಷ ಹೈಸ್ಕೂಲು ಮುಗಿಸುತ್ತಿರುವ ಒಳ್ಳೆಯ ಹುಡುಗರನ್ನು ಹುಡುಕಿ, ವಿದ್ಯಾರ್ಥಿವೇತನದ ಮಾತು ಕೊಟ್ಟು, ನಮ್ಮಲ್ಲಿಗೇ ಬಾ ಎಂದು ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ಇದಕ್ಕೆ ಅವರು ರಿಕ್ರೂಟಿಂಗ್ ಎನ್ನುತ್ತಾರೆ. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವುದಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ. ಕೋಚ್ ಹುಡುಗನ ಮನೆಗೆ ಹೋಗಿ ನಡುಮನೆಯಲ್ಲಿ ಕೂರುತ್ತಾನೆ. ತಾಯಿ ಕೊಟ್ಟದ್ದನ್ನು ತಿಂದು ರುಚಿಯಾಗಿದೆ ಎನ್ನುತ್ತಾನೆ. ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ, ಡಿಗ್ರಿ ಮುಗಿಸದೆ ಕಳಿಸುವುದಿಲ್ಲ ಎನ್ನುತ್ತಾನೆ. ಸಾಮಾನ್ಯವಾಗಿ ಒಪ್ಪಿಗೆ ಕೊಡುವವಳು ತಾಯಿಯೇ. ಮುಂದಿನ ನಾಲ್ಕು ವರ್ಷದ ಗೆಲುವು ಸೋಲು ತೀರ್ಮಾನವಾಗುವುದು ಇಂಥ ನಡುಮನೆಗಳಲ್ಲಿ.

ಆದ್ದರಿಂದ ಬಿದ್ದುಹೋದ ತಂಡವೊಂದು ಹೇಗೆ ಎದ್ದಿತೆಂದು ತಿಳಿಯಬೇಕಾದರೆ ಅದರ ಕೋಚ್ ಯಾರ ಮನೆಗೆ ಹೋದ, ಯಾರ ಮನೆಗೆ ಹೋಗಲಿಲ್ಲ ಎಂದು ಮೊದಲು ಕೇಳಬೇಕು. ನಾನು ಇಷ್ಟು ವರ್ಷ ಕೇಳದೇ ಬಿಟ್ಟದ್ದು ಇದನ್ನೇ.

ಬ್ರಯಂಟ್ ಅಲಬಾಮಾ ತಂಡವನ್ನು ಒಂದಲ್ಲ, ಎರಡು ಸಲ ಕಟ್ಟಿದರು. ಮೊದಲ ಸಲ ಕಟ್ಟಿದ್ದು 1958ರಲ್ಲಿ. ಅದಕ್ಕೆ ಹಿಂದಿನ ಮೂರು ವರ್ಷ ತಂಡ ಗೆದ್ದದ್ದು 4 ಪಂದ್ಯ, ಸೋತದ್ದು 24. 1955ರಲ್ಲಿ ಆಡಿದ ಹತ್ತಕ್ಕೆ ಹತ್ತೂ ಸೋತಿತ್ತು. ಅರ್ಕಾನ್ಸಾಸ್‌ನ ಬಡ ರೈತ ಕುಟುಂಬದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಕರಡಿಯೊಂದಿಗೆ ಕುಸ್ತಿಗೆ ಇಳಿದು 'ಬೇರ್' ಎಂಬ ಅಡ್ಡಹೆಸರು ಪಡೆದಿದ್ದ ಬ್ರಯಂಟ್ ಇದೇ ವಿಶ್ವವಿದ್ಯಾಲಯದ ಹಳೆಯ ಆಟಗಾರ. ಬೇರೆಡೆ ಕೋಚ್ ಆಗಿದ್ದವರು ತಾಯಿ ಕರೆದಳು ಎಂದು ಹೇಳಿ ವಾಪಸು ಬಂದರು. ಬಂದ ಮೂರು ವರ್ಷ ಕಳೆದು, 1961ರಲ್ಲಿ, ತಂಡ ಆಡಿದ ಹನ್ನೊಂದನ್ನೂ ಗೆದ್ದು ರಾಷ್ಟ್ರದ ಮೊದಲ ಸ್ಥಾನಕ್ಕೇರಿತು. 1964 ಮತ್ತು 1965ರಲ್ಲಿ ಮತ್ತೆ.

ಆ ಗೆಲುವುಗಳ ಹಿಂದೆ ರಿಕ್ರೂಟಿಂಗ್ ಎಷ್ಟು ದೂರ ಹೋಗಿತ್ತೆಂಬುದಕ್ಕೆ ಜೋ ನೇಮತ್ ಸಾಕ್ಷಿ. ಅವನು ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಎಂಬ ಕಾರ್ಖಾನೆ ಊರಿನ ಹುಡುಗ. ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದಿದ್ದ, ಪ್ರವೇಶಕ್ಕೆ ಬೇಕಾದ ಅಂಕ ಬರಲಿಲ್ಲ. ಸುದ್ದಿ ತಿಳಿದ ಬ್ರಯಂಟ್ ತಮ್ಮ ಸಹಾಯಕ ಹೊವರ್ಡ್ ಶ್ನೆಲೆನ್‌ಬರ್ಗರ್ ಅವರನ್ನು ಅಟ್ಟಿದರು. ಅವರು ಅಲ್ಲೇ ಉಳಿದು, ತಾಯಿಯನ್ನು ಒಪ್ಪಿಸಿ, 1961ರ ಬೇಸಗೆಯ ಕೊನೆಗೆ ಹುಡುಗನನ್ನು ಜೊತೆಯಲ್ಲೇ ಕರೆತಂದರು. 1964ರ ಪಟ್ಟದಲ್ಲಿ ಅವನ ಪಾಲು ದೊಡ್ಡದು.

ಅಲಬಾಮಾ ವಿಶ್ವವಿದ್ಯಾಲಯವಿರುವ ಟಸ್ಕಲೂಸಾದಿಂದ ಬೀವರ್ ಫಾಲ್ಸ್ ಸಾವಿರ ಕಿಲೋಮೀಟರಿಗೂ ದೂರ. ಒಬ್ಬ ಬಿಳಿಯ ಹುಡುಗನಿಗಾಗಿ ಅಷ್ಟು ದೂರ ಹೋದವರು, ಅಲಬಾಮಾ ರಾಜ್ಯದ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕೂ ಹೆಚ್ಚಿದ್ದ ಕಪ್ಪು ಜನರ ಒಂದು ಮನೆಯ ಕದವನ್ನೂ ತಟ್ಟುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಪಾರ್ಕರ್ ಹೈಸ್ಕೂಲಿನಲ್ಲಿ ಓದಿದ ಬಕ್ ಬುಕ್ಯಾನನ್ ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಕಪ್ಪು ಜನರ ಕಾಲೇಜಿಗೆ ಹೋದ. 1963ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗಿನ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳಲು ಕೂತಾಗ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಅವನದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೆ ಹೊಂದುವುದಿಲ್ಲ. ಅದು ಉದಾಸೀನದ ಮಾತು. ಅಲಬಾಮಾದಲ್ಲಿ ಹಿತ್ತಲಿಗೇ ಬೇಲಿ ಹಾಕಿದ್ದರು.

ಬೇಲಿ ಎಂಥದೆಂದು 1956ರಲ್ಲೇ ಗೊತ್ತಾಗಿತ್ತು. ಆಥರೀನ್ ಲೂಸಿ ಎಂಬ ಕಪ್ಪು ಹೆಣ್ಣುಮಗಳು ಕೋರ್ಟಿನ ಆದೇಶ ಹಿಡಿದು ಟಸ್ಕಲೂಸಾದ ತರಗತಿಗೆ ಹೋದಳು. ಮೂರನೆಯ ದಿನ ಗುಂಪು ಸೇರಿ ಗಲಭೆಯಾಯಿತು. ವಿಶ್ವವಿದ್ಯಾಲಯ ಗಲಭೆ ಮಾಡಿದವರನ್ನು ಬಿಟ್ಟು ಅವಳನ್ನು ಹೊರಗಿಟ್ಟಿತು. 1963ರ ಜೂನ್ 11ರಂದು ವಿವಿಯನ್ ಮೆಲೋನ್ ಮತ್ತು ಜೇಮ್ಸ್ ಹುಡ್ ಪ್ರವೇಶಕ್ಕೆ ಬಂದಾಗ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್ ಖುದ್ದಾಗಿ ಬಾಗಿಲಿಗೆ ಅಡ್ಡ ನಿಂತರು. 'ಫಾರೆಸ್ಟ್ ಗಂಪ್' ಸಿನಿಮಾ ನೋಡಿದವರಿಗೆ ಈ ದೃಶ್ಯ ನೆನಪಿರಬಹುದು. ಆ ಸಿನಿಮಾದ ಮುಗ್ಧ ನಾಯಕ ಓಡುವುದೂ ಬ್ರಯಂಟ್ ಅವರ ತಂಡಕ್ಕಾಗಿಯೇ. ಅದೇ ವರ್ಷ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಕಪ್ಪು ಬಾಲಕಿಯರು ಸತ್ತರು. ಲೀಜನ್ ಫೀಲ್ಡ್ ಇರುವುದೂ ಅದೇ ಊರಿನಲ್ಲಿ.

ಬ್ರಯಂಟ್ ಇದನ್ನೆಲ್ಲ ಹೇಗೆ ನೋಡುತ್ತಿದ್ದರು? ಹಿಂದೆ ಕೆಂಟಕಿಯಲ್ಲಿ ಕೋಚ್ ಆಗಿದ್ದಾಗಲೇ ಕಪ್ಪು ಹುಡುಗರನ್ನು ತಂಡಕ್ಕೆ ಸೇರಿಸಿಕೊಳ್ಳೋಣ ಎಂದಿದ್ದೆ ಎಂದು ಅವರು ಮುಂದೆ ಹೇಳಿಕೊಂಡರು. ಅವರನ್ನು ಮೆಚ್ಚುವವರು ಅವರು ಕಾಲಕ್ಕಾಗಿ ಕಾಯುತ್ತಿದ್ದರು ಎನ್ನುತ್ತಾರೆ. ಆದರೆ ಆ ರಾಜ್ಯದಲ್ಲಿ ಗವರ್ನರಿಗಿಂತಲೂ ಜನ ಹೆಚ್ಚು ಕಿವಿಗೊಡುತ್ತಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ಬ್ರಯಂಟ್. ಅಂಥವರು ಕಾಯುತ್ತ ಕೂತರೆ ಕಾಲವೂ ಅವರಿಗಾಗಿ ಕಾಯುತ್ತ ಕೂರುತ್ತದೆ.

ಕಾದದ್ದರ ಬೆಲೆ ಮೊದಲು ಕಂಡದ್ದು 1966ರಲ್ಲಿ. ಆ ವರ್ಷ ಅಲಬಾಮಾ ಒಂದೂ ಪಂದ್ಯ ಸೋಲಲಿಲ್ಲ. ಆಗಿನ ಪದ್ಧತಿಯಲ್ಲಿ ರಾಷ್ಟ್ರದ ಮೊದಲ ತಂಡ ಯಾವುದೆಂದು ಪತ್ರಕರ್ತರೂ ಕೋಚ್‌ಗಳೂ ಮತ ಹಾಕಿ ಹೇಳುತ್ತಿದ್ದರು. ಅಲಬಾಮಾಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. ಮೇಲಿನ ಎರಡು ಸ್ಥಾನ ಪರಸ್ಪರ 10–10ರಲ್ಲಿ ಸಮ ಮಾಡಿಕೊಂಡಿದ್ದ ನೋಟರ್ ಡೇಮ್ ಮತ್ತು ಮಿಷಿಗನ್ ಸ್ಟೇಟ್ ತಂಡಗಳಿಗೆ ಹೋದವು. ಬಿಳಿಯರೇ ತುಂಬಿದ ತಂಡವೊಂದು ಬಹುಪಾಲು ಬಿಳಿಯರೇ ತುಂಬಿದ ತಂಡಗಳ ಜೊತೆ ಆಡಿ ಗೆದ್ದರೆ ಅದಕ್ಕೇನು ತೂಕ ಎಂಬ ಮಾತು ಆಗಲೇ ಇತ್ತು.

ಇಲ್ಲಿ ಮಿಷಿಗನ್ ಸ್ಟೇಟ್ ಹೆಸರನ್ನು ಗುರುತು ಹಾಕಿಟ್ಟುಕೊಳ್ಳಬೇಕು. ಅದರ ಕೋಚ್ ಡಫಿ ಡಾಹರ್ಟಿ ಮಾಡಿದ್ದು ಸರಳ ಕೆಲಸ. ದಕ್ಷಿಣದ ವಿಶ್ವವಿದ್ಯಾಲಯಗಳು ಬೇಡವೆಂದ ಕಪ್ಪು ಹುಡುಗರನ್ನು ಕರೆದರು. ಟೆಕ್ಸಾಸಿನಿಂದ ಬುಬ್ಬಾ ಸ್ಮಿತ್ ಬಂದ, ನಾರ್ತ್ ಕ್ಯಾರೊಲಿನಾದಿಂದ ಜಿಮ್ಮಿ ರೇ ಬಂದ. ಹೊಲ ಯಾರದೋ, ಫಸಲು ಯಾರಿಗೋ. ಬಾಗಿಲು ಮುಚ್ಚಿದ ಮನೆಯವರು ತಮ್ಮದೇ ನೆಲದ ಹುಡುಗರನ್ನು ಎದುರಾಳಿಗಳಿಗೆ ಕೊಟ್ಟು, ಮೂರನೆಯ ಸ್ಥಾನ ಬಂತೆಂದು ದೂರುತ್ತಿದ್ದರು.

ಅಲಬಾಮಾ ಅಲ್ಲಿಂದ ಇಳಿಯಿತು. 1967ರಲ್ಲಿ 8 ಗೆಲುವು, 1968ರಲ್ಲಿ 8, 1969ರಲ್ಲಿ 6. ಆ 1969ರ ಅಕ್ಟೋಬರಿನಲ್ಲಿ ನೆರೆಯ ಟೆನೆಸಿ ತಂಡ ಬರ್ಮಿಂಗ್‌ಹ್ಯಾಮಿಗೇ ಬಂದು 41–14ರಲ್ಲಿ ಬಡಿದು ಹೋಯಿತು. ಟೆನೆಸಿ ತಂಡದಲ್ಲಿ ಆಗಲೇ ಕಪ್ಪು ಆಟಗಾರರಿದ್ದರು. ಲೆಸ್ಟರ್ ಮೆಕ್‌ಲೇನ್ 1968ರಿಂದ ಆಡುತ್ತಿದ್ದ. ಅದಕ್ಕೂ ಮೊದಲು, 1967ರ ಸೆಪ್ಟೆಂಬರ್ 30ರಂದು, ಕೆಂಟಕಿಯ ನೇಟ್ ನಾರ್ತಿಂಗ್‌ಟನ್ ಆ ದಕ್ಷಿಣದ ಕೂಟದಲ್ಲಿ ಅಂಗಳಕ್ಕಿಳಿದ ಮೊದಲ ಕಪ್ಪು ಆಟಗಾರನಾಗಿದ್ದ. ಅಂದರೆ 1970ರ ಪಂದ್ಯದಲ್ಲಿ ಅಲಬಾಮಾದವರು ಕಪ್ಪು ಹುಡುಗರು ಆಡುವುದನ್ನು ಮೊದಲ ಸಲ ಕಂಡರು ಎಂಬುದೇ ಸುಳ್ಳು. ನನ್ನ ಕತೆಯ ಒಂದು ಕಂಬ ಇಲ್ಲಿಗೇ ಬಿತ್ತು.

ಇನ್ನು ಬಾಗಿಲು ತೆರೆದದ್ದು ಯಾವಾಗ? ಮೊದಲು ತಟ್ಟಿದವರು ಒಳಗಿನವರಲ್ಲ, ಹೊರಗಿನವರು. 1967ರ ವಸಂತದಲ್ಲಿ ಅಲಬಾಮಾದಲ್ಲಿ ಓದುತ್ತಿದ್ದ ಐವರು ಕಪ್ಪು ವಿದ್ಯಾರ್ಥಿಗಳು ಯಾರೂ ಕರೆಯದಿದ್ದರೂ, ವಿದ್ಯಾರ್ಥಿವೇತನವಿಲ್ಲದೆ, ತಾವಾಗಿಯೇ ತಂಡದ ಅಭ್ಯಾಸಕ್ಕೆ ಹೋದರು. ಬ್ರಯಂಟ್ ಅವರನ್ನು ತಡೆಯಲಿಲ್ಲ. ಆದರೆ ಅವರಲ್ಲಿ ಒಬ್ಬನಿಗೂ ಮುಖ್ಯ ತಂಡದ ಪಂದ್ಯದಲ್ಲಿ ಆಡುವ ಅವಕಾಶ ಬರಲಿಲ್ಲ. 1969ರಲ್ಲಿ ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಸಂಘ ಕೋರ್ಟಿಗೇ ಹೋಯಿತು. ಕಪ್ಪು ಆಟಗಾರರನ್ನು ರಿಕ್ರೂಟ್ ಮಾಡುವುದರಲ್ಲಿ ತಾರತಮ್ಯವಾಗುತ್ತಿದೆ ಎಂಬುದೇ ದಾವೆ. ಅವರ ವಕೀಲ ಯು.ಡಬ್ಲ್ಯು. ಕ್ಲೆಮನ್ ಮುಂದೆ 1980ರಲ್ಲಿ ಅಲಬಾಮಾದ ಮೊದಲ ಕಪ್ಪು ಫೆಡರಲ್ ನ್ಯಾಯಾಧೀಶರಾದರು. ಬ್ರಯಂಟ್ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾಯಿತು. ಅದೇ ವರ್ಷ ವೆಂಡೆಲ್ ಹಡ್ಸನ್ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿ ಆ ವಿಶ್ವವಿದ್ಯಾಲಯದ ಕ್ರೀಡಾ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ವಿದ್ಯಾರ್ಥಿಯಾದ.

ಡಿಸೆಂಬರಿನಲ್ಲಿ, ಅಂದರೆ 1969ರ ಡಿಸೆಂಬರಿನಲ್ಲಿ, ಅಲಬಾಮಾದ ಓಜಾರ್ಕ್ ಎಂಬ ಸಣ್ಣ ಊರಿನ ವಿಲ್ಬರ್ ಜಾಕ್ಸನ್ ಬ್ರಯಂಟ್ ಅವರ ಫುಟ್‌ಬಾಲ್ ತಂಡಕ್ಕೆ ಸಹಿ ಹಾಕಿದ.

ಈ ತಿಂಗಳನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಖೋ ಖೋ ಹುಡುಗಿಯ ಲೆಕ್ಕ ಸರಿಯಾಗಿತ್ತು. 1972ರವರೆಗೆ ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. 1969ರ ಡಿಸೆಂಬರಿನಲ್ಲಿ ಸಹಿ ಹಾಕಿದ ಹುಡುಗ 1970ರಲ್ಲಿ ಕಾಲೇಜು ಸೇರಿ, 1971ರ ಸೆಪ್ಟೆಂಬರಿಗೆ ಆಡಬಹುದು. ಜಾಕ್ಸನ್ 1971ರಲ್ಲಿ ಆಡಿದ. ಪಂದ್ಯ ಸೋತ ಮೇಲೆ ಬ್ರಯಂಟ್ ಮನಸ್ಸು ಬದಲಾಗಿ, ಮುಂದಿನ ಡಿಸೆಂಬರಿನಲ್ಲಿ ಹೈಸ್ಕೂಲು ಹುಡುಗರಿಗೆ ಸಹಿ ಹಾಕಿಸಿದ್ದರೆ ಅವರು ಆಡಲು 1972 ಆಗಬೇಕಿತ್ತು. ನನ್ನ ಕತೆ ನಿಜವಾಗಿದ್ದರೆ ಆ ಹುಡುಗ ಆ ವರ್ಷ ಅಂಗಳದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಹೊಳೆಯದ ಈ ಸಣ್ಣ ಲೆಕ್ಕ, ಸೀನಿಯರ್‌ಗಳು ಹೋದರೆ ತಂಡ ಏನಾಗುತ್ತದೆಂದು ಮೈಯಲ್ಲಿ ಅರಿತಿದ್ದ ಹುಡುಗಿಗೆ ಕೂತಲ್ಲೇ ಹೊಳೆದಿತ್ತು.

ಕನಿಂಗ್‌ಹ್ಯಾಮ್ ಓಡುತ್ತಿದ್ದ ಆ ಸಂಜೆ ಲೀಜನ್ ಫೀಲ್ಡಿನ ಪ್ರೇಕ್ಷಕರ ಸಾಲಿನಲ್ಲಿ ವಿಲ್ಬರ್ ಜಾಕ್ಸನ್ ಕೂತಿದ್ದ. ಅಲಬಾಮಾದ ವಿದ್ಯಾರ್ಥಿ, ತಂಡಕ್ಕೆ ಸೇರಿದವ, ನಿಯಮದ ಪ್ರಕಾರ ಇನ್ನೂ ಆಡುವಂತಿಲ್ಲ. ಬಾಗಿಲು ತೆರೆಸಿತು ಎನ್ನುವ ಪಂದ್ಯವನ್ನು ಬಾಗಿಲು ದಾಟಿ ಬಂದಿದ್ದ ಹುಡುಗ ಕೂತು ನೋಡುತ್ತಿದ್ದ. ಈ ಪಂದ್ಯವನ್ನು ಏರ್ಪಡಿಸಿದ್ದೂ ಬ್ರಯಂಟ್ ಅವರೇ. 1970ರಿಂದ ಹೆಚ್ಚುವರಿಯಾಗಿ ಒಂದು ಪಂದ್ಯ ಆಡಲು ಅನುಮತಿ ಸಿಕ್ಕಾಗ ಅವರು ಲಾಸ್ ಏಂಜಲೀಸಿಗೆ ಹೋಗಿ, ಸದರ್ನ್ ಕ್ಯಾಲಿಫೋರ್ನಿಯಾದ ಕೋಚ್ ಆಗಿದ್ದ ಸ್ನೇಹಿತ ಜಾನ್ ಮೆಕ್‌ಕೇ ಅವರನ್ನು ಕರೆದು ಬಂದಿದ್ದರು. ಇನ್ನು ಸೋತ ಆಟಗಾರರ ಮುಂದೆ ಕನಿಂಗ್‌ಹ್ಯಾಮನನ್ನು ನಿಲ್ಲಿಸಿದ ದೃಶ್ಯ? ಅಂಥದ್ದೇನೂ ನಡೆಯಲಿಲ್ಲ ಎಂದು ಅಂದು ಆ ಕೋಣೆಯಲ್ಲಿದ್ದ ಅಲಬಾಮಾ ಆಟಗಾರರೇ ಹೇಳಿದ್ದಾರೆ.

ಹಾಗಾದರೆ ಆ ಪಂದ್ಯದಿಂದ ಏನೂ ಆಗಲಿಲ್ಲವೇ? ಆಯಿತು. ಬದಲಾಗಬೇಕಿದ್ದ ಮನಸ್ಸು ಕೋಚ್ ಒಬ್ಬರದೇ ಆಗಿರಲಿಲ್ಲ. ಹಣ ಕೊಡುವ ಹಳೆಯ ವಿದ್ಯಾರ್ಥಿಗಳು, ಶನಿವಾರದ ಟಿಕೆಟ್ ಕೊಳ್ಳುವ ಅಂಗಡಿಯವರು, ರೈತರು, ಪತ್ರಿಕೆಯವರು, ಇವರೆಲ್ಲರ ಬಾಯಿ ಕಟ್ಟಿಹಾಕಲು ಅಂಥ ಸೋಲು ಕೆಲಸಕ್ಕೆ ಬಂತು. ಅಂದು ಎದುರು ತಂಡದಲ್ಲಿ ಓಡಿದ ಇನ್ನೊಬ್ಬ ಹುಡುಗ ಕ್ಲಾರೆನ್ಸ್ ಡೇವಿಸ್ ಹುಟ್ಟಿದ್ದು ಅದೇ ಬರ್ಮಿಂಗ್‌ಹ್ಯಾಮಿನಲ್ಲಿ. ನಮ್ಮೂರಲ್ಲಿ ಹುಟ್ಟಿದ ಹುಡುಗ ನಮ್ಮನ್ನೇ ಸೋಲಿಸಿ ಹೋಗುತ್ತಿದ್ದಾನೆ ಎಂಬುದಕ್ಕಿಂತ ಹೆಚ್ಚಿನ ವಾದ ಬೇಕೇ? ನಿರ್ಧಾರ ಆಗಲೇ ಆಗಿತ್ತು. ಅದನ್ನು ಜನ ನುಂಗಿಕೊಳ್ಳಲು ಪಂದ್ಯ ನೆರವಾಯಿತು.

ಎರಡನೆಯ ಸಲ ಕಟ್ಟುವ ಕೆಲಸ ಅಲ್ಲಿಂದ ವೇಗ ಪಡೆಯಿತು. ಮೊಬೀಲ್ ಊರಿನ ಜಾನ್ ಮಿಚೆಲ್ ಸ್ವಂತ ರಾಜ್ಯದಲ್ಲಿ ಕರೆಯುವವರಿಲ್ಲದೆ ಅರಿಜೋನಾದ ಎರಡು ವರ್ಷದ ಕಾಲೇಜೊಂದಕ್ಕೆ ಹೋಗಿ ಆಡುತ್ತಿದ್ದ. ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋಗುವುದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಮೆಕ್‌ಕೇ ಮಾತಿನ ನಡುವೆ ಈ ಹುಡುಗನ ಸುದ್ದಿ ಎತ್ತಿದರು. ನಿಮ್ಮ ರಾಜ್ಯದವನೇ, ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ. ಬ್ರಯಂಟ್ ನೇರ ಟೆಲಿಫೋನಿಗೆ ಹೋದರು. ಸ್ವಲ್ಪ ದಿನದಲ್ಲೇ ಮಿಚೆಲ್ ಅಲಬಾಮಾದವನಾದ. ಎರಡು ವರ್ಷ ಓದು ಮುಗಿಸಿದ್ದರಿಂದ ಅವನಿಗೆ ಮೊದಲ ವರ್ಷದ ತಡೆ ಇರಲಿಲ್ಲ. 1971ರ ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸಿನಲ್ಲಿ ಅದೇ ಎದುರಾಳಿಯ ಮೇಲೆ ಅವನು ಅಂಗಳಕ್ಕಿಳಿದ. ಮುಖ್ಯ ತಂಡದ ಪಂದ್ಯದಲ್ಲಿ ಅಲಬಾಮಾ ಪರ ಆಡಿದ ಮೊದಲ ಕಪ್ಪು ಆಟಗಾರ. ಅಲಬಾಮಾ 17–10ರಲ್ಲಿ ಗೆದ್ದಿತು.

ಆ ವರ್ಷ 11 ಗೆಲುವು, ಒಂದೇ ಸೋಲು. ಎಲ್ಲವನ್ನೂ ಇಬ್ಬರು ಹುಡುಗರ ಲೆಕ್ಕಕ್ಕೆ ಬರೆದರೆ ನಾನು ಹಳೆಯ ತಪ್ಪನ್ನೇ ಇನ್ನೊಂದು ಬಗೆಯಲ್ಲಿ ಮಾಡಿದಂತಾಗುತ್ತದೆ. 1971ರ ಬೇಸಗೆಯಲ್ಲಿ ಬ್ರಯಂಟ್ ಆಟದ ವಿಧಾನವನ್ನೇ ಬದಲಿಸಿ, ಟೆಕ್ಸಾಸ್ ತಂಡದಿಂದ ಕಲಿತ 'ವಿಶ್‌ಬೋನ್' ಎಂಬ ವ್ಯೂಹವನ್ನು ಗುಟ್ಟಾಗಿ ಅಭ್ಯಾಸ ಮಾಡಿಸಿದ್ದರು. ತಂಡದ ಬಹುಪಾಲು ಇನ್ನೂ ಬಿಳಿಯರದೇ. ವ್ಯೂಹ ಒಂದು ವರ್ಷ ಗೆಲ್ಲಿಸಬಹುದು. ಹತ್ತು ವರ್ಷ ಗೆಲ್ಲಿಸಲು ಪ್ರತಿ ಡಿಸೆಂಬರಿನಲ್ಲೂ ಹೊಸ ಮನೆಗಳ ಕದ ತಟ್ಟಬೇಕು. ತಟ್ಟಿದರು. ಟಸ್ಕಲೂಸಾದವನೇ ಆದ ಸಿಲ್ವೆಸ್ಟರ್ ಕ್ರೂಮ್ ಬಂದ. ಲೈಟನ್ ಎಂಬ ಪುಟ್ಟ ಊರಿನ ಓಜಿ ನ್ಯೂಸಮ್ ಬಂದ. 1972ರಲ್ಲಿ ಮಿಚೆಲ್ ನಾಯಕರಲ್ಲೊಬ್ಬನಾದ, 1973ರಲ್ಲಿ ಜಾಕ್ಸನ್. ಮಿಚೆಲ್ ಅದೇ ವರ್ಷ ಬ್ರಯಂಟ್ ಅವರ ಸಹಾಯಕ ಕೋಚ್ ಆಗಿ ಸೇರಿದ. 1970ರಿಂದ 1979ರವರೆಗಿನ ಹತ್ತು ಸೀಸನ್‌ಗಳಲ್ಲಿ ಅಲಬಾಮಾ 103 ಪಂದ್ಯ ಗೆದ್ದಿತು, 16 ಸೋತಿತು. ತಮ್ಮ ಕೂಟದ ಪಟ್ಟ ಎಂಟು ಸಲ. ಬ್ರಯಂಟ್ 323 ಗೆಲುವುಗಳೊಂದಿಗೆ 1982ರ ಕೊನೆಗೆ ನಿವೃತ್ತರಾಗಿ, 1983ರ ಜನವರಿಯಲ್ಲಿ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಒಳ್ಳೆಯದಾಯಿತು ಎಂಬ ಇನ್ನೊಂದು ಚೆಂದದ ಕತೆಯಾಗುತ್ತದೆ. ಆದರೆ ಬಾಗಿಲು ತೆರೆದ ಮೇಲೂ ಎಷ್ಟು ತೆರೆಯಿತು, ಯಾರಿಗೆ ತೆರೆಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಹಂಟ್ಸ್‌ವಿಲ್‌ನ ಕಾಂಡ್ರೆಜ್ ಹಾಲೊವೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಬೇಕೆಂದಿದ್ದ. ತಂಡಕ್ಕೆ ಅಪ್ಪಣೆ ಕೊಡುವ ಜಾಗ ಅದು. ಕಪ್ಪು ಕ್ವಾರ್ಟರ್‌ಬ್ಯಾಕನನ್ನು ಒಪ್ಪಲು ಅಲಬಾಮಾ ಇನ್ನೂ ಸಿದ್ಧವಿಲ್ಲ ಎಂದು ಬ್ರಯಂಟ್ ಅವನಿಗೆ ನೇರವಾಗಿ ಹೇಳಿದರು. ಅವನು ಟೆನೆಸಿಗೆ ಹೋಗಿ 1972ರಲ್ಲಿ ಆ ಜಾಗದಲ್ಲಿ ನಿಂತ. ಓಡುವ ಕಾಲು ಬೇಕು, ಆಳುವ ತಲೆ ಬೇಡ. ಬೇಲಿ ಬಿದ್ದಿರಲಿಲ್ಲ, ಒಂದಷ್ಟು ಹಿಂದೆ ಸರಿದಿತ್ತು.

ಗಳಿಸಿದವರಿದ್ದಂತೆ ಕಳೆದುಕೊಂಡವರೂ ಇದ್ದಾರೆ. ಬುಕ್ಯಾನನ್ ಓದಿದ ಗ್ರ್ಯಾಂಬ್ಲಿಂಗ್‌ನಂಥ ಕಪ್ಪು ಜನರ ಕಾಲೇಜುಗಳಲ್ಲಿ ಎಡ್ಡಿ ರಾಬಿನ್ಸನ್‌ನಂಥ ಕೋಚ್‌ಗಳು ದಶಕಗಟ್ಟಲೆ ಕಷ್ಟದಲ್ಲಿ ತಂಡ ಕಟ್ಟಿದ್ದರು. ರಾಬಿನ್ಸನ್ 1941ರಿಂದ 1997ರವರೆಗೆ ಒಂದೇ ಕಾಲೇಜಿನಲ್ಲಿದ್ದು 408 ಪಂದ್ಯ ಗೆದ್ದವರು. ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆದಂತೆ ಈ ಕಾಲೇಜುಗಳಿಗೆ ಬರುತ್ತಿದ್ದ ಹುಡುಗರ ಹರಿವು ತಗ್ಗಿತು. ಇತ್ತ ಕಪ್ಪು ಮತ್ತು ಬಿಳಿಯರ ಹೈಸ್ಕೂಲುಗಳನ್ನು ಒಂದು ಮಾಡಿದಾಗ ಕಪ್ಪು ಕೋಚ್‌ಗಳಲ್ಲಿ ಅನೇಕರು ಕೆಲಸ ಕಳೆದುಕೊಂಡರು, ಇಲ್ಲವೇ ಬಿಳಿಯ ಕೋಚ್‌ಗಳ ಕೈಕೆಳಗೆ ಸಹಾಯಕರಾದರು. ಆ ಹುಡುಗರ ಶಕ್ತಿಯನ್ನು ಮೊದಲು ಕಂಡು ತಿದ್ದಿದ್ದು ಇವರೇ. ಅಲಬಾಮಾಕ್ಕೆ ಬೇಕಾದದ್ದು ಇವರು ಬೆಳೆಸಿದ ಹುಡುಗರು ಮಾತ್ರ.

ಆಳುವ ಜಾಗಕ್ಕೆ ದಾರಿ ಇನ್ನೂ ಉದ್ದವಿತ್ತು. ಸಿಲ್ವೆಸ್ಟರ್ ಕ್ರೂಮ್ ಅಲಬಾಮಾದಲ್ಲಿ ಆಡಿ, ಅಲ್ಲೇ ಸಹಾಯಕ ಕೋಚ್ ಆಗಿದ್ದವರು. 2003ರಲ್ಲಿ ಅಲಬಾಮಾದ ಮುಖ್ಯ ಕೋಚ್ ಹುದ್ದೆಗೆ ಅವರ ಹೆಸರಿತ್ತು. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅದೇ ವರ್ಷದ ಕೊನೆಗೆ ಮಿಸಿಸಿಪ್ಪಿ ಸ್ಟೇಟ್ ಅವರನ್ನು ಕರೆಯಿತು. ದಕ್ಷಿಣದ ಆ ಕೂಟದಲ್ಲಿ ಅವರೇ ಮೊದಲ ಕಪ್ಪು ಮುಖ್ಯ ಫುಟ್‌ಬಾಲ್ ಕೋಚ್. ಜಾಕ್ಸನ್ ಸಹಿ ಹಾಕಿ ಆಗಲೇ 34 ವರ್ಷ.

ನಾನೇಕೆ ಇಷ್ಟು ವರ್ಷ ಆ ಒಂದು ಸಂಜೆಯ ಕತೆಯನ್ನೇ ನಂಬಿದೆ? ಕತೆಗೆ ಒಬ್ಬ ನಾಯಕ, ಒಂದು ಜಾಗ, ಒಂದು ಗಂಟೆ ಇತ್ತು. ಪಿರಿಯಡ್ಡಿನಲ್ಲಿ ಮುಗಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಕತೆಯಲ್ಲಿ ಯಾರೂ ತಪ್ಪಿತಸ್ಥರಲ್ಲ. ಒಳ್ಳೆಯ ಆಟ ಕಂಡೊಡನೆ ಒಳ್ಳೆಯ ಮನಸ್ಸಿನವರು ಬದಲಾದರು, ಅಷ್ಟೆ. ತರಗತಿಗೆ ಹೋಗಿ ಹೊರದೂಡಿಸಿಕೊಂಡ ಹೆಣ್ಣುಮಗಳು, ಕರೆಯದಿದ್ದರೂ ಅಭ್ಯಾಸಕ್ಕೆ ಹೋದ ಐವರು, ದಾವೆ ಹಾಕಿದ ವಿದ್ಯಾರ್ಥಿಗಳು, ಅವರ ವಕೀಲ, ಯಾರೂ ಆ ಕತೆಗೆ ಬೇಕಾಗಿಲ್ಲ. ಕಿಂಗ್ ಅವರ ದುಡಿಮೆಗಿಂತ ಒಂದು ಪಂದ್ಯ ದೊಡ್ಡದು ಎಂಬ ಮಾತಿನಲ್ಲಿ ಅಡಗಿರುವುದು ಇದೇ. ನಾನು ಅದನ್ನು ಯೋಚಿಸದೆ ಮಕ್ಕಳ ಮುಂದೆ ಹೇಳಿದೆ. ನನ್ನ ತರಗತಿಯಲ್ಲೂ ಹಾಸ್ಟೆಲಿನಿಂದ ಬಂದ ಮಕ್ಕಳಿದ್ದರು, ಯಾವ ಬಾಗಿಲೂ ತಾನಾಗಿ ತೆರೆಯುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿದ್ದರು. ಅವರು ಆ ಕತೆಯನ್ನು ಕೇಳಿ ಏನಂದುಕೊಂಡರೋ.

ಟಸ್ಕಲೂಸಾದಲ್ಲೇ ಹುಟ್ಟಿ, ಅಲ್ಲೇ ಹೈಸ್ಕೂಲು ಮುಗಿಸಿದ ಇನ್ನೊಬ್ಬ ಹುಡುಗನಿದ್ದ, ಜಾನ್ ಸ್ಟಾಲ್‌ವರ್ತ್. ಬ್ರಯಂಟ್ ಅವರ ಊರಿನವನೇ. ಜಾಕ್ಸನ್ ಟಸ್ಕಲೂಸಾಕ್ಕೆ ಓದಲು ಬಂದ ಅದೇ 1970ರಲ್ಲಿ ಅವನು ಊರು ಬಿಟ್ಟು, ಕಪ್ಪು ಜನರಿಗಾಗಿ ಸ್ಥಾಪನೆಯಾಗಿದ್ದ ಅಲಬಾಮಾ ಎ ಅಂಡ್ ಎಂ ಕಾಲೇಜಿಗೆ ಹೋದ. ಮುಂದೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲಿ ಆಡಿ ನಾಲ್ಕು ಸಲ ಸೂಪರ್ ಬೌಲ್ ಗೆದ್ದ. 2002ರಲ್ಲಿ ವೃತ್ತಿಪರ ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್ ಸೇರಿದ. ಬೀವರ್ ಫಾಲ್ಸ್‌ನ ದಾರಿ ಕಂಡವರಿಗೆ ಈ ಮನೆಯ ದಾರಿ ಕಾಣಲಿಲ್ಲ.

ಆ ಹುಡುಗಿಗೆ ಉತ್ತರ ಹೇಳಲು ನನಗೆ ಸಿಕ್ಕಿದ್ದು ಅವಳು ಕಾಲೇಜು ಬಿಡುವ ವಾರ. ಮೂರು ಪ್ರಶ್ನೆಗೂ ಉತ್ತರ ಕೇಳಿಸಿಕೊಂಡಳು. "ಅಂದ್ರೆ ಅವತ್ತು ಆ ಹುಡುಗ ಸ್ಟೇಡಿಯಮ್ಮಲ್ಲೇ ಕೂತಿದ್ದ, ಅಲ್ವಾ ಸಾರ್?" ಅಂದಳು. ಹೌದಮ್ಮ ಅಂದೆ. "ಹಾಗಿದ್ರೆ ಕತೆ ಅವನಿಂದ ಶುರು ಮಾಡಿ ಸಾರ್" ಅಂದು ಹೊರಟಳು.

ನಿವೃತ್ತಿಯಾಗುವವರೆಗೂ ಹಾಗೆಯೇ ಮಾಡಿದೆ. ಕಪ್ಪು ಹಲಗೆಯ ಮೇಲೆ ಮೊದಲು 1969ರ ಡಿಸೆಂಬರ್ ಎಂದು ಬರೆಯುತ್ತಿದ್ದೆ. ಅದಕ್ಕೂ ಹಿಂದಿನ ಬ್ಯಾಚುಗಳಲ್ಲಿ ನನ್ನ ಪಾಠ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹಳೆಯ ನೋಟ್ಸು ಇನ್ನೂ ಉಳಿದಿದ್ದರೆ, ದಯವಿಟ್ಟು ಆ ಪುಟವನ್ನು ತಿದ್ದಿಕೊಳ್ಳಿ.